ಸರ್ವರ್ ಟೈಮ್ ಪ್ರೋಟೊಕಾಲ್

ಐಬಿಎಂ ಮೇನ್‌ಫ್ರೇಮ್‌ಗಳ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಿಡುವ ವ್ಯವಸ್ಥೆ, ಸಂಕ್ಷಿಪ್ತವಾಗಿ ಎಸ್‌ಟಿಪಿ. 2007ರಲ್ಲಿ ಬಳಕೆಗೆ ಬಂದ ಇದು, ಅದುವರೆಗೆ ಈ ಕೆಲಸ ಮಾಡುತ್ತಿದ್ದ ಸಿಸ್‌ಪ್ಲೆಕ್ಸ್ ಟೈಮರ್ ಎಂಬ ಪ್ರತ್ಯೇಕ ಯಂತ್ರದ ಖರ್ಚನ್ನು ಉಳಿಸಿತು.

ಅಗತ್ಯ: ಹಲವು ಮೇನ್‌ಫ್ರೇಮ್‌ಗಳು ಒಂದೇ ಡೇಟಾಬೇಸನ್ನು ಹಂಚಿಕೊಂಡು ದುಡಿಯುವ ಏರ್ಪಾಡು ಪ್ಯಾರಲಲ್ ಸಿಸ್‌ಪ್ಲೆಕ್ಸ್. ಬ್ಯಾಂಕ್ ಖಾತೆಯೊಂದಕ್ಕೆ ಒಂದು ಯಂತ್ರ ಹಣ ಜಮಾ ಮಾಡಿದ ಮರುಕ್ಷಣವೇ ಇನ್ನೊಂದು ಯಂತ್ರ ಅದೇ ಖಾತೆಯಿಂದ ಹಣ ಕಳೆಯಬಹುದು. ಡೇಟಾಬೇಸ್ ಕೆಟ್ಟಾಗ ಎರಡೂ ಯಂತ್ರಗಳ ವಹಿವಾಟು ದಾಖಲೆಗಳಾದ ಲಾಗ್‌ಗಳನ್ನು ಕಾಲಕ್ರಮದಲ್ಲಿ ಕೂಡಿಸಿ ಅದನ್ನು ಮತ್ತೆ ಕಟ್ಟಬೇಕಾಗುತ್ತದೆ. ಗಡಿಯಾರಗಳು ಹೊಂದದಿದ್ದರೆ ಈ ಕ್ರಮವೇ ತಪ್ಪಿ, ಗ್ರಾಹಕರ ಲೆಕ್ಕ ಕೆಡುತ್ತದೆ.

ಹಳೆಯ ಏರ್ಪಾಡು: ಒಂದು ಟೈಮರ್ ಕೆಟ್ಟರೂ ಕೆಲಸ ನಿಲ್ಲಬಾರದೆಂದು ಎರಡು ಟೈಮರ್‌ಗಳನ್ನು ಇಡುತ್ತಿದ್ದರು. ಪ್ರತಿ ಮೇನ್‌ಫ್ರೇಮಿನಿಂದ ಎರಡಕ್ಕೂ ಬೇರೆಬೇರೆ ಫೈಬರ್ ಎಳೆಯಬೇಕಿತ್ತು. ಎರಡು ಡೇಟಾ ಕೇಂದ್ರಗಳಲ್ಲಿ ತಲಾ ಎರಡು ಮೇನ್‌ಫ್ರೇಮ್, ತಲಾ ಒಂದು ಟೈಮರ್ ಇದ್ದರೆ ಒಟ್ಟು 8 ಸಂಪರ್ಕಗಳು. ಅವುಗಳಲ್ಲಿ 4 ಕೇಂದ್ರದಿಂದ ಕೇಂದ್ರಕ್ಕೆ ಹೋಗುವಂಥವು. ಟೈಮರ್‌ಗಳ ನಡುವಣ ಸಂಪರ್ಕ ಇದಕ್ಕೆ ಹೊರತು. ಕೇಂದ್ರಗಳು ಬಹಳ ದೂರವಿದ್ದರೆ ಟೈಮರ್ ಇಡಲೆಂದೇ ನಡುವೆ ಇನ್ನೊಂದು ತಾಣ ಬೇಕಾಗುತ್ತಿತ್ತು.

ಉಳಿತಾಯ: ಯಂತ್ರಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಕಪ್ಲಿಂಗ್ ಲಿಂಕ್‌ಗಳಲ್ಲೇ ಎಸ್‌ಟಿಪಿ ಸಮಯದ ಸಂದೇಶಗಳನ್ನೂ ಕಳಿಸುತ್ತದೆ. ಹೀಗಾಗಿ ಟೈಮರ್‌ಗಳ ಬೆಲೆ, ನಿರ್ವಹಣಾ ಶುಲ್ಕ, ವಿದ್ಯುತ್ತು, ಅವು ಹಿಡಿಯುತ್ತಿದ್ದ ಜಾಗ ಎಲ್ಲವೂ ಉಳಿಯುತ್ತವೆ. ಬಹುಕೇಂದ್ರ ಸಂಸ್ಥೆಗಳಿಗೆ ಇದಕ್ಕಿಂತ ಮುಖ್ಯವಾದದ್ದು ಸಮಯಕ್ಕಾಗಿಯೇ ಬಾಡಿಗೆಗೆ ಪಡೆಯುತ್ತಿದ್ದ ದೂರದ ಫೈಬರ್. ಅದರ ಬಾಡಿಗೆ ತಿಂಗಳು ತಿಂಗಳೂ ತಪ್ಪುತ್ತದೆ. 100 ಕಿ.ಮೀ. ದೂರದವರೆಗೂ ನಡುವಣ ತಾಣ ಬೇಕಿಲ್ಲ.

ಮಿತಿಗಳು: ಎಸ್‌ಟಿಪಿ ಪುಕ್ಕಟೆಯಲ್ಲ, ಅದನ್ನು ಹಣ ಕೊಟ್ಟು ಪಡೆಯಬೇಕು. ಕಪ್ಲಿಂಗ್ ಲಿಂಕ್ ಇಲ್ಲದ ಕಡೆ ಸಮಯಕ್ಕಾಗಿಯೇ ಲಿಂಕ್ ಹಾಕಿಸಬೇಕು. ಮುಖ್ಯ ಸಮಯ ಸರ್ವರ್, ಅದಕ್ಕೆ ಬದಲಿ, ಇವೆರಡರ ನಡುವೆ ಸಂಪರ್ಕ ತಪ್ಪಿದಾಗ ತೀರ್ಮಾನಿಸುವ ಆರ್ಬಿಟರ್ ಈ ಮೂರು ಹೊಣೆಗಳನ್ನು ಯಂತ್ರಗಳಿಗೆ ಹಂಚುವಾಗ ಎಚ್ಚರ ಅತ್ಯಗತ್ಯ. ಇಲ್ಲಿ ಎಡವಿದರೆ ಉಳಿಸಿದ ಹಣ ಒಂದೇ ಸ್ಥಗಿತಕ್ಕೆ ಕರಗೀತು.

ವಲಸೆ: ಕೆಲಸ ನಿಲ್ಲಿಸದೆ ಹಂತಹಂತವಾಗಿ ಬದಲಾಗಲು ಟೈಮರ್ ಮತ್ತು ಎಸ್‌ಟಿಪಿ ಎರಡೂ ಕೂಡಿದ ಮಿಶ್ರ ಜಾಲಕ್ಕೆ ಅವಕಾಶವಿತ್ತು. 2010ರಲ್ಲಿ ಬಂದ ಝಡ್196 ಯಂತ್ರಕ್ಕೆ ಟೈಮರನ್ನು ನೇರವಾಗಿ ಜೋಡಿಸುವ ಸೌಲಭ್ಯವನ್ನೇ ಕೈಬಿಡಲಾಯಿತು.