ಓರೆ ಅಲಗಿನ ಚರಿತ್ರೆ

ಸಾಮ್ರಾಜ್ಯಗಳ ಏಳುಬೀಳುಗಳನ್ನು ಬೋಧಿಸುವುದೇ ವೃತ್ತಿಯಾದ ನಾವು ಇಂದು ಕ್ಷೌರದ ಕತ್ತಿಯ ಚರಿತ್ರೆಯನ್ನು ಹೇಳಹೊರಟಿರುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಮನುಷ್ಯನ ಕೈಯಲ್ಲಿದ್ದ ಕುಶಲತೆಯೊಂದು ಯಂತ್ರಕ್ಕೆ ದಾಟುವಾಗ ಉಳಿದದ್ದೇನು, ಕಳೆದದ್ದೇನು ಎಂಬ ಪ್ರಶ್ನೆಗೆ ಈ ಅಲ್ಪ ಉಪಕರಣವು ಕೊಡುವಷ್ಟು ಸ್ಪಷ್ಟವಾದ ಉತ್ತರವನ್ನು ದೊಡ್ಡ ಯಂತ್ರಗಳೂ ಕೊಡಲಾರವು.

ಪಳಗಿದ ಕ್ಷೌರಿಕನ ಕೈಯನ್ನು ಗಮನಿಸಿದವರು ಒಂದು ಸಂಗತಿಯನ್ನು ಕಂಡಿರಬೇಕು. ಅವನು ಕತ್ತಿಯನ್ನು ಕೂದಲಿಗೆ ನೇರವಾಗಿ ಒತ್ತುವುದಿಲ್ಲ. ಮಣಿಕಟ್ಟನ್ನು ಕೊಂಚ ತಿರುಗಿಸಿ ಓರೆಯಾಗಿ ಜಾರಿಸುತ್ತಾನೆ. ಈಳಿಗೆಮಣೆಯ ಮುಂದೆ ಕುಳಿತ ಗೃಹಿಣಿಯೂ ಹಾಗೆಯೇ. ಹಣ್ಣಾದ ಟೊಮೇಟೊವನ್ನು ಅಲಗಿನ ಮೇಲೆ ಒತ್ತಿದರೆ ಅದು ಹಿಚುಕಿ ಹೋಗುವುದು, ಜಾರಿಸಿದರೆ ಹೋಳಾಗುವುದು. ಇದರ ಕಾರಣವನ್ನು 1792ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯನಾದ ಆಂಟ್ವಾನ್ ಲೂಯಿಯು ಬರೆದಿಟ್ಟಿದ್ದಾನೆ: ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟು ಹರಿತವಾದ ಅಲಗೂ ಒಂದು ನವುರಾದ ಗರಗಸವೇ, ಜಾರಿದರೆ ಮಾತ್ರ ಅದು ಚೆನ್ನಾಗಿ ಕೊಯ್ಯುತ್ತದೆ. ಅವನು ಇದನ್ನು ಬರೆದದ್ದು ಶಿರಚ್ಛೇದನ ಯಂತ್ರದ ವಿಷಯವಾದ ವರದಿಯಲ್ಲಿ ಎಂಬುದು ಬೇರೆ ಮಾತು. ಆ ಯಂತ್ರವನ್ನು ಕಟ್ಟಿದ ಟೋಬಿಯಾಸ್ ಷ್ಮಿಟ್ ಎಂಬವನು ತಂತಿವಾದ್ಯಗಳನ್ನು ಮಾಡುತ್ತಿದ್ದ ಕುಶಲಿ! ಅದರ ಓರೆಯಾದ ಅಲಗು ಯಾರಿಗೂ ಮರೆತಿರಲಾರದು.

ಇನ್ನು ಮುಖಕ್ಕೆ ಬರೋಣ. ತನ್ನ ಗಡ್ಡವನ್ನು ತಾನೇ ಹೆರೆದುಕೊಳ್ಳಬೇಕೆಂಬವನಿಗೆ ಕ್ಷೌರಿಕನ ಮಣಿಕಟ್ಟಿಲ್ಲ. ಆದಕಾರಣ ಅವನಿಗೆ ಗಾಯದ ಭಯ. 1770ರ ಸುಮಾರಿಗೆ ಪ್ಯಾರಿಸ್ಸಿನ ಕತ್ತಿಗಾರ ಝಾನ್ ಝಾಕ್ ಪೆರೆ ಎಂಬವನು ಬಡಗಿಯ ಉಜ್ಜುಗೊರಡನ್ನು ನೋಡಿ, ಕತ್ತಿಗೆ ಮರದ ಕಾಪು ತೊಡಿಸಿ, ಅಲಗಿನ ಅಂಚು ಮಾತ್ರ ಹೊರಗೆ ಕಾಣುವಂತೆ ಮಾಡಿದನು. ಜರ್ಮನರು ಇಂದಿಗೂ ಸೇಫ್ಟಿ ರೇಜರನ್ನು ಕ್ಷೌರದ ಉಜ್ಜುಗೊರಡು ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. 1847ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ಸನ್ನನು ಅಲಗನ್ನು ಹಿಡಿಗೆ ಅಡ್ಡಲಾಗಿ, ಗುದ್ದಲಿಯಂತೆ ಕೂಡಿಸಿದನು. ಹಬೆಯ ವಿಮಾನವನ್ನು ಹಾರಿಸುವ ಕನಸು ಕಂಡು ನಗೆಗೀಡಾದ ಹೆನ್ಸನ್ನನೇ ಇವನು. ವಿಮಾನ ಏಳಲಿಲ್ಲ, ಗುದ್ದಲಿಯ ಆಕಾರ ಮಾತ್ರ ಲೋಕವನ್ನೆಲ್ಲ ವ್ಯಾಪಿಸಿತು.

ಅದನ್ನು ವ್ಯಾಪಿಸುವಂತೆ ಮಾಡಿದವನು ಅಮೆರಿಕದ ಕಿಂಗ್ ಜಿಲೆಟ್. ಮಸೆಯುವ ಗೊಡವೆಯಿಲ್ಲದೆ ಬಳಸಿ ಬಿಸಾಡುವ ತೆಳು ಬ್ಲೇಡು ಅವನ ಕಲ್ಪನೆ. ಅಂಥ ಉಕ್ಕನ್ನು ಹದಮಾಡುವ ಉಪಾಯವನ್ನು ಕಂಡವನು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳ ಸಂಖ್ಯೆ 90,000ಕ್ಕೆ ಮುಟ್ಟಿತು. 1918ರಲ್ಲಿ ಅಮೆರಿಕದ ಸರ್ಕಾರವೇ ತನ್ನ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳನ್ನು ಕೊಂಡಿತು.

ಹೀಗೆ ಭಯ ಹೋಯಿತು, ನಿಜ. ಭಯದೊಡನೆ ಓರೆಯೂ ಹೋಯಿತು. ಗುದ್ದಲಿಯಂತೆ ಅಡ್ಡಲಾಗಿ ನಿಂತ ಅಲಗು ಕೂದಲನ್ನು ಎದುರಿನಿಂದ ತಳ್ಳಿ ಕಡಿಯುತ್ತದೆ. ಮೃದುವಾದ ಗಡ್ಡಕ್ಕೆ ಇದು ಸಾಕು. ಬಿರುಸು ಗಡ್ಡದವರ ಕಷ್ಟವನ್ನು ಅವರೇ ಬಲ್ಲರು.

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದು ಓರೆ ರೇಜರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ಜೋಲಿಂಗೆನ್ ಪಟ್ಟಣ ಇದಕ್ಕೆ ಹೆಸರಾಯಿತು. ಕತ್ತಿ ಚೂರಿಗಳ ಕಸುಬಿನಿಂದಲೇ ಬೆಳೆದ ಊರು ಅದು. ಅಲ್ಲಿನ ಮುಲ್ಕುಟೊ ರೇಜರುಗಳು ಈಗ ಸಂಗ್ರಾಹಕರ ಪೆಟ್ಟಿಗೆ ಸೇರಿವೆ. ಮೆರ್ಕುರ್ ಹೆಸರಿನ ಓರೆ ರೇಜರು ಇಂದಿಗೂ ಅಂಗಡಿಯಲ್ಲಿ ದೊರೆಯುತ್ತದೆ. ಅದರ ತಲೆಯನ್ನು ನೋಡಿದವರು ಕೆಳಗೆ ಬಿದ್ದು ಸೊಟ್ಟಗಾಗಿದೆಯೆಂದು ತಿಳಿದರೆ ತಪ್ಪಿಲ್ಲ. ಹಿಡಿಯನ್ನು ಬಿಗಿದಾಗ ಬ್ಲೇಡು ಬಾಗುವುದಷ್ಟೇ ಅಲ್ಲ, ಉದ್ದಕ್ಕೂ ತಿರುಚಿಕೊಳ್ಳುತ್ತದೆ. ಇದರಿಂದ ಎರಡು ಲಾಭ. ಅಲಗಿನ ಒಂದು ತುದಿ ಮುಂದಾಗಿ ಸಾಗುವುದರಿಂದ ಅದು ಕೂದಲನ್ನು ಜಾರಿ ಕೊಯ್ಯುತ್ತದೆ. ಜೊತೆಗೆ, ತೆಳುವಾದ ಕಾಗದವು ಚಪ್ಪಟೆಯಾಗಿದ್ದಾಗ ಜೋತುಬಿದ್ದು ಸುರುಳಿ ಬಾಗಿಸಿದಾಗ ನೆಟ್ಟಗೆ ನಿಲ್ಲುವಂತೆ, ತಿರುಚಿದ ಬ್ಲೇಡು ಬಿಗಿಯಾಗಿ ಅದುರದೆ ನಿಲ್ಲುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಎರಡನೆಯದು ಸಾಮಾನ್ಯ ಲಾಭವಲ್ಲ. ಏಕೆಂದರೆ ಓರೆಯ ಕೋನ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ.

ಬ್ಲೇಡನ್ನು ತಿರುಚದೆ ಓರೆಯಾಗಿ ಮಾತ್ರ ಕೂಡಿಸಿದ ರೇಜರುಗಳೂ ಉಂಟು. ಎರಡನ್ನೂ ಕೆಲವು ತಿಂಗಳು ಬಳಸಿ ನೋಡಿದೆವು. ತಿರುಚಿದ್ದು ಮೂರು ದಿನದ ಗಡ್ಡವನ್ನೂ ಸದ್ದಿಲ್ಲದೆ ತೆಗೆಯಿತು. ಇನ್ನೊಂದು ಸೌಮ್ಯ, ಆದರೆ ಗದ್ದದ ಕೆಳಗೆ ಎರಡನೆಯ ಸಲ ಎಳೆಯಬೇಕಾಯಿತು. ನಿತ್ಯ ಕ್ಷೌರ ಮಾಡಿಕೊಳ್ಳುವವರಿಗೆ ಅದೇ ಸಾಕೆಂದು ಹೇಳುತ್ತೇವೆ. ಯಾವುದಾದರೂ ಸರಿ, ಮುಖವನ್ನು ಬಿಸಿನೀರಿನಿಂದ ಚೆನ್ನಾಗಿ ನೆನೆಸಬೇಕು. ನೆಂದ ಕೂದಲಿನ ಬಿರುಸು ಬಹುಮಟ್ಟಿಗೆ ಇಳಿಯುತ್ತದೆ. ತಲೆ ಓರೆಯಾಗಿದೆಯೆಂದು ಹಿಡಿಯನ್ನೂ ಓರೆ ಮಾಡಿದರೆ ಒಂದು ಓರೆ ಇನ್ನೊಂದನ್ನು ನುಂಗಿಹಾಕುತ್ತದೆ. ಹಿಡಿ ನೆಟ್ಟಗಿರಲಿ, ಎಳೆತ ಗಿಡ್ಡದಾಗಿರಲಿ. ಒತ್ತುವುದು ಸರ್ವಥಾ ಕೂಡದು. ಹಳೆಯ ರೇಜರಿನಲ್ಲಿ ಒತ್ತಿ ಕಲಿತ ಕೈಗೆ ಇದೇ ಕಷ್ಟ, ರಕ್ತ ಕಾಣುವುದೂ ಇಲ್ಲಿಯೇ.

1971ರಲ್ಲಿ ಜಿಲೆಟ್ ಕಂಪನಿ ಎರಡು ಅಲಗುಗಳ ಅಚ್ಚುಕಟ್ಟಾದ ಕಾರ್ಟ್ರಿಜ್ಜನ್ನು ತಂದ ಮೇಲೆ ಅಲಗುಗಳ ಸಂಖ್ಯೆ ಮೂರು, ಐದು ಎಂದು ಏರುತ್ತ ಹೋಯಿತು. ಒಂದೇ ಅಲಗನ್ನು ಓರೆಯಾಗಿ ಹಿಡಿಯುವ ಉಪಾಯವನ್ನು ಬಿಟ್ಟು ನೇರ ಅಲಗುಗಳನ್ನೇ ಸಾಲಾಗಿ ನಿಲ್ಲಿಸಿದ್ದು ವ್ಯಾಪಾರಕ್ಕೆ ಅನುಕೂಲವಾಗಿರಬಹುದು, ಕ್ಷೌರಿಕನು ಮೆಚ್ಚುತ್ತಿರಲಿಲ್ಲ.

ಮೀಸೆಯುಳ್ಳ ಶ್ರೋತೃಗಳಿಗೆ ಒಂದು ಮಾತು: ಓರೆ ರೇಜರಿನಲ್ಲಿ ಮೀಸೆಯ ಅಂಚನ್ನು ಗೆರೆ ಎಳೆದಂತೆ ತಿದ್ದುವುದು ಬಹಳ ತೊಡಕು. ಆ ಕೆಲಸಕ್ಕೆ ನಾವು ಇಂದಿಗೂ ಹಳೆಯ ನೇರ ರೇಜರನ್ನೇ ತೆಗೆದುಕೊಳ್ಳುತ್ತೇವೆ.