ಕಾಡ್ಗಿಚ್ಚು ಮತ್ತು ಬರಗಾಲ: ಕಬಿನಿ ಹಿನ್ನೀರು ಪ್ರದೇಶದ ಹುಲಿ, ಆನೆ ಹಾಗೂ ನೀರುನಾಯಿಗಳ ಮೇಲಿನ ಪರಿಣಾಮ

1. ಪೀಠಿಕೆ
ಬಂಡೀಪುರ ಮತ್ತು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಗಳ ನಡುವೆ ಕಬಿನಿ ಜಲಾಶಯದ ಹಿನ್ನೀರು ವ್ಯಾಪಿಸಿರುತ್ತದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಂತೆ ತೆರೆದುಕೊಳ್ಳುವ ಬಯಲಿನಲ್ಲಿ ಹಸಿರು ಹುಲ್ಲು ಚಿಗುರುವುದರಿಂದ ಆನೆ, ಕಾಟಿ ಹಾಗೂ ಜಿಂಕೆಗಳು ಅಲ್ಲಿಗೆ ಬರುತ್ತವೆ. ಇವುಗಳನ್ನು ಅವಲಂಬಿಸಿ ಹುಲಿ, ಚಿರತೆ ಮತ್ತು ಸೀಳುನಾಯಿಗಳು ಬದುಕುತ್ತವೆ.

2. ಕಾಡ್ಗಿಚ್ಚಿನ ಪರಿಣಾಮ
ಇಲ್ಲಿನ ಅರಣ್ಯವು ಎಲೆ ಉದುರುವ ಅರಣ್ಯವಾಗಿದ್ದು, ಜನವರಿಯಿಂದ ಮೇ ತಿಂಗಳವರೆಗೆ ತರಗೆಲೆ, ಒಣಹುಲ್ಲು ಹಾಗೂ ಲಂಟಾನ ಪೊದೆಗಳು ಬೆಂಕಿಗೆ ಬೇಗನೆ ತುತ್ತಾಗುತ್ತವೆ. 2017ರಲ್ಲಿ ಬಂಡೀಪುರದಲ್ಲಿ ಬೆಂಕಿ ನಂದಿಸುವಾಗ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ಅಲ್ಲಿಯೇ 4,400 ಹೆಕ್ಟೇರಿಗೂ ಹೆಚ್ಚು ಅರಣ್ಯ ಸುಟ್ಟುಹೋಯಿತು. ವಾಯುಪಡೆಯ ಹೆಲಿಕಾಪ್ಟರ್‌ಗಳಿಂದ ನೀರು ಸುರಿಯಬೇಕಾಯಿತು.

ಬೆಳೆದ ಹುಲಿ, ಆನೆಗಳು ಸಾಮಾನ್ಯವಾಗಿ ಬೆಂಕಿಯಿಂದ ದೂರ ಸರಿಯಬಲ್ಲವು. ಆದರೆ ಪೊದೆಯಲ್ಲಿ ಅಡಗಿರುವ ಮರಿಗಳು, ನಿಧಾನವಾಗಿ ಚಲಿಸುವ ಜೀವಿಗಳು ಹಾಗೂ ಗಿಡಮರಗಳ ಸಸಿಗಳು ನಾಶವಾಗುತ್ತವೆ. ಲಂಟಾನ ಮಾತ್ರ ಬುಡದಿಂದ ಪುನಃ ಚಿಗುರಿ ಹುಲ್ಲಿನ ಜಾಗವನ್ನು ಆಕ್ರಮಿಸುತ್ತದೆ. ಮೇವು ಕಡಿಮೆಯಾದಲ್ಲಿ ಜಿಂಕೆಯೂ, ಜಿಂಕೆ ಕಡಿಮೆಯಾದಲ್ಲಿ ಹುಲಿಯೂ ಸ್ಥಳ ಬದಲಿಸುತ್ತವೆ.

3. ಬರಗಾಲದ ಪರಿಣಾಮ
2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಇಂತಹ ವರ್ಷಗಳಲ್ಲಿ ಕಾಡಿನೊಳಗಿನ ಕೆರೆಕಟ್ಟೆಗಳು ಬತ್ತಿ, ಪ್ರಾಣಿಗಳು ಉಳಿದ ಕೆಲವೇ ನೀರಿನ ತಾಣಗಳಲ್ಲಿ ಗುಂಪುಗೂಡುತ್ತವೆ. ಮೀನನ್ನೇ ಅವಲಂಬಿಸಿರುವ ನೀರುನಾಯಿಗಳು ನದಿಯ ಆಳವಾದ ಮಡುಗಳಿಗೆ ಸೀಮಿತವಾಗುತ್ತವೆ. ಅದೇ ಮಡುಗಳಲ್ಲಿ ಬಲೆ ಬೀಸಿದಾಗ ಅವುಗಳ ಆಹಾರ ಮತ್ತಷ್ಟು ಕುಗ್ಗುತ್ತದೆ. ಈ ಕಾರಣಕ್ಕಾಗಿ ಸೌರಶಕ್ತಿಯ ಪಂಪುಗಳ ಮೂಲಕ ಕಾಡಿನ ಕೆಲವು ಕೆರೆಗಳಿಗೆ ನೀರು ತುಂಬಿಸುವ ವ್ಯವಸ್ಥೆ ಮಾಡಲಾಗಿದೆ.

4. ಕಾಡಂಚಿನ ಗ್ರಾಮಗಳು
ಮೇವು, ನೀರು ಅರಸಿ ಆನೆಗಳು ಜಮೀನಿಗೆ ಬರುತ್ತವೆ. ಹುಲಿ, ಚಿರತೆಗಳು ಜಾನುವಾರುಗಳ ಮೇಲೆ ಎರಗುತ್ತವೆ. ರೈತರಿಗೆ ಆಗುವ ನಷ್ಟ ಸಣ್ಣದಲ್ಲ. ಆದರೆ ಹುಲಿಯು ತಾನು ಕೊಂದ ಪ್ರಾಣಿಯ ಬಳಿಗೆ ಪುನಃ ಬರುವುದರಿಂದ, ಕಳೇಬರಕ್ಕೆ ವಿಷ ಹಾಕಿದಲ್ಲಿ ಇಡೀ ಕುಟುಂಬವೇ ನಾಶವಾಗುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ತಾಯಿ ಹುಲಿ ಹಾಗೂ ಅದರ ನಾಲ್ಕು ಮರಿಗಳು ಮೃತಪಟ್ಟವು. ಇಂತಹ ಕೃತ್ಯವು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನ್ವಯ ಶಿಕ್ಷಾರ್ಹ ಅಪರಾಧವಾಗಿರುತ್ತದೆ.

5. ಸಾರ್ವಜನಿಕರ ಗಮನಕ್ಕೆ
ಅ) ಬೇಸಿಗೆಯಲ್ಲಿ ಕಾಡಂಚಿನ ಜಮೀನುಗಳಲ್ಲಿ ಕಸಕಡ್ಡಿಗೆ ಬೆಂಕಿ ಹಚ್ಚಬಾರದು, ಉರಿಯುವ ಬೀಡಿ, ಸಿಗರೇಟು ಎಸೆಯಬಾರದು.
ಆ) ಬೆಂಕಿ ಕಂಡುಬಂದ ಕೂಡಲೇ ಸಮೀಪದ ಅರಣ್ಯ ಕಚೇರಿಗೆ ಅಥವಾ 112 ಸಂಖ್ಯೆಗೆ ತಿಳಿಸುವುದು.
ಇ) ಜಾನುವಾರು ಬಲಿಯಾದಲ್ಲಿ ಕಳೇಬರವನ್ನು ಸ್ಥಳಾಂತರಿಸದೆ, ವಿಳಂಬವಿಲ್ಲದೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮಾಹಿತಿ ನೀಡುವುದು. ಸ್ಥಳ ಪರಿಶೀಲನೆ ಹಾಗೂ ಪಶುವೈದ್ಯರ ವರದಿ ಇಲ್ಲದೆ ಪರಿಹಾರದ ಅರ್ಜಿಯನ್ನು ಇತ್ಯರ್ಥಪಡಿಸುವುದು ಕಷ್ಟವಾಗುತ್ತದೆ.

ಬೆಂಕಿ ಮತ್ತು ಬರದಿಂದ ನೊಂದ ರೈತರಿಗೆ ಪರಿಹಾರವು ಸಕಾಲದಲ್ಲಿ ತಲುಪಿದಲ್ಲಿ, ವನ್ಯಪ್ರಾಣಿಗಳ ಮೇಲಿನ ಸಿಟ್ಟೂ ಶಮನಗೊಳ್ಳುತ್ತದೆ. ಆದ್ದರಿಂದ ನಷ್ಟವಾದ ದಿನವೇ ಮಾಹಿತಿ ನೀಡಿ ಸಹಕರಿಸಬೇಕೆಂದು ಕೋರಲಾಗಿದೆ.