ಕಂಗೆನ್ ಅರಸನ ಕಲ್ಲು

ವೇಲ್ಸ್ ದೇಶದ ಹಳೆಯ ಲ್ಯಾಟಿನ್ ವೃತ್ತಾಂತವೊಂದರಲ್ಲಿ ಕ್ರಿ.ಶ. 854ರ ಸುಮಾರಿಗೆ ಸೇರುವ ಒಂದು ನಮೂದು ಬಹಳ ಚಿಕ್ಕದು. ಪೊವಿಸ್ ನಾಡಿನ ಅರಸನಾದ ಕಂಗೆನ್ ರೋಮಿನಲ್ಲಿ ತೀರಿಕೊಂಡನೆಂದು ಹೇಳಿ ವೃತ್ತಾಂತಕಾರ ಮುಂದಿನ ವರ್ಷಕ್ಕೆ ನಡೆದುಬಿಡುತ್ತಾನೆ. ಇಂಗ್ಲೆಂಡಿನ ಚರಿತ್ರೆಯನ್ನು ಶ್ರದ್ಧೆಯಿಂದ ಓದಿದವರಿಗೂ ಈ ಹೆಸರಿನ ಪರಿಚಯವಿರಲಾರದು. ಆದರೆ ಈತ ಬರೆಯಿಸಿದ ಶಾಸನವೊಂದುಂಟು. ಶಾಸನಗಳ ಪಾಠ ಹೇಳುತ್ತಲೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಅರಸನಲ್ಲಿ ಆಸಕ್ತಿ ಮೂಡಿದ್ದು ಆ ಕಲ್ಲಿನಿಂದಲೇ.

ಪೊವಿಸ್ ವೇಲ್ಸಿನ ಪೂರ್ವದ ಗಡಿನಾಡು. ಅದರಾಚೆಗೆ ಆಂಗ್ಲರ ಮರ್ಸಿಯಾ. ಎಂಟನೆಯ ಶತಮಾನದಲ್ಲಿ ಮರ್ಸಿಯಾದ ಆಫಾ ಎಂಬ ದೊರೆ ಈ ಗಡಿಯುದ್ದಕ್ಕೂ ತೋಡಿಸಿದ ಕಂದಕವನ್ನೂ ಎತ್ತಿಸಿದ ಮಣ್ಣಿನ ದಿಬ್ಬವನ್ನೂ ಇಂದಿಗೂ ನೋಡಬಹುದು. ಇಂಥ ನೆರೆಯವರ ಮಗ್ಗುಲಲ್ಲಿ ಕಂಗೆನ್ ಪಟ್ಟಕ್ಕೆ ಬಂದದ್ದು 808ರಲ್ಲಿ, ತಂದೆ ಕಾದೆಲ್ ತೀರಿಕೊಂಡ ಮೇಲೆ. ಮನೆಯೊಳಗೂ ನೆಮ್ಮದಿಯಿರಲಿಲ್ಲ. 814ರ ಸುಮಾರಿಗೆ ಕಂಗೆನ್‌ನ ಮಗ ಗ್ರಿಫಿದ್ ತನ್ನ ಒಡಹುಟ್ಟಿದ ಎಲಿಸೆದ್‌ನ ಮೋಸಕ್ಕೆ ಬಲಿಯಾದನೆಂದು ಅದೇ ವೃತ್ತಾಂತ ಹೇಳುತ್ತದೆ. 822ರಲ್ಲಿ ಆಂಗ್ಲರು ದೆಗಾನ್ವಿಯ ಕೋಟೆಯನ್ನು ಕೆಡವಿ ಪೊವಿಸ್ ನಾಡನ್ನು ತಮ್ಮ ಕೈವಶ ಮಾಡಿಕೊಂಡರು. 853ರಲ್ಲಿ ಮರ್ಸಿಯಾದ ಬರ್ಗ್ರೆಡ್ ದೊರೆ ವೆಸೆಕ್ಸ್‌ನ ಎಥೆಲ್‌ವುಲ್ಫ್‌ನ ನೆರವು ಪಡೆದು ವೇಲ್ಸಿನವರ ಮೇಲೆ ಮತ್ತೆ ದಂಡೆತ್ತಿ ಬಂದ. ಗೆದ್ದ ಅರಸನ ಚರಿತ್ರೆಯಂತೂ ಇದಲ್ಲ.

ಹಾಗಿದ್ದೂ ಈತ ಲಾಂಗೊಲೆನ್ ಬಳಿಯ ಕಣಿವೆಯಲ್ಲಿ, ಒಂದು ಹಳೆಯ ದಿಬ್ಬದ ನೆತ್ತಿಯ ಮೇಲೆ ಎತ್ತರವಾದ ಶಿಲುಬೆಗಲ್ಲನ್ನು ನೆಡಿಸಿದ. ಅದನ್ನು ತನ್ನ ಹೆಸರಿನಲ್ಲಿ ನೆಡಿಸಲಿಲ್ಲ. ಮುತ್ತಾತ ಎಲಿಸೆದ್‌ನ ಹೆಸರಿನಲ್ಲಿ. ಲ್ಯಾಟಿನ್ನಿನ ಆ ಲೇಖನ ವಂಶಾವಳಿಯಿಂದ ತೊಡಗುತ್ತದೆ: ಕಂಗೆನ್ ಕಾದೆಲ್‌ನ ಮಗ, ಕಾದೆಲ್ ಬ್ರೋಖ್ವೈಲ್‌ನ ಮಗ, ಬ್ರೋಖ್ವೈಲ್ ಎಲಿಸೆದ್‌ನ ಮಗ. ಈ ಎಲಿಸೆದ್ ಕತ್ತಿಯಿಂದಲೂ ಬೆಂಕಿಯಿಂದಲೂ ಪೊವಿಸ್ ನಾಡನ್ನು ಆಂಗ್ಲರ ಹಿಡಿತದಿಂದ ಬಿಡಿಸಿಕೊಂಡವನು. ಕಲ್ಲನ್ನು ಓದುವವರು ಅವನ ಆತ್ಮಕ್ಕೆ ಸದ್ಗತಿಯನ್ನು ಕೋರಬೇಕೆಂಬ ವಿನಂತಿಯೂ ಅಲ್ಲಿದೆ. ಅರಸನ ಅಪ್ಪಣೆಯಂತೆ ಬರೆದವನು ಕಾನ್ಮಾರ್ಕ್. ಅವನೂ ತನ್ನ ಹೆಸರನ್ನು ಬಿಟ್ಟಿದ್ದಾನೆ. ಮುತ್ತಾತನ ಹೆಸರನ್ನೇ ಹೊತ್ತ ಮಗ ಸೋದರನ ಕೊಲೆಗೆ ಕಾರಣನಾಗಿದ್ದ ಮನೆಯಿಂದ ಈ ಪ್ರಶಸ್ತಿ ಹೊರಟಿದೆ ಎಂಬುದನ್ನು ನೆನೆದರೆ ಅದರ ಧ್ವನಿ ಬೇರೆಯಾಗಿ ಕೇಳಿಸುತ್ತದೆ.

ಶಾಸನದ ಕೊನೆಯ ಭಾಗ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಈ ವಂಶ ವೋರ್ಟಿಗರ್ನ್‌ನವರೆಗೆ ಏರುತ್ತದೆ. ಬ್ರಿಟನ್ನಿಗೆ ಸ್ಯಾಕ್ಸನರನ್ನು ಕರೆತಂದು ದೇಶವನ್ನು ಹಾಳುಗೆಡವಿದನೆಂಬ ಅಪಕೀರ್ತಿ ಹೊತ್ತವನು ಈತ. ಕಂಗೆನ್ ಆಳುತ್ತಿದ್ದಾಗಲೇ, 829–30ರಲ್ಲಿ, ವೇಲ್ಸಿನ ವಾಯವ್ಯದ ಗ್ವಿನೆದ್ ನಾಡಿನಲ್ಲಿ ಮೆರ್ವಿನ್ ದೊರೆಯ ಕಾಲಕ್ಕೆ 'ಬ್ರಿಟನ್ನರ ಚರಿತ್ರೆ' ಎಂಬ ಗ್ರಂಥ ಸಿದ್ಧವಾಯಿತು. ಅದರಲ್ಲಿ ವೋರ್ಟಿಗರ್ನ್ ಮಹಾಪಾಪಿ. ಸಂತ ಜರ್ಮೇನಸ್ ಅವನನ್ನು ಬೆನ್ನಟ್ಟುತ್ತಾನೆ, ಆಕಾಶದಿಂದ ಬಿದ್ದ ಬೆಂಕಿ ಅವನ ಕೋಟೆಯನ್ನು ಸುಡುತ್ತದೆ. ಪೊವಿಸ್ ಅರಸರ ಮೂಲಪುರುಷನೋ, ಅದೇ ಸಂತನ ಹರಕೆಯಿಂದ ರಾಜನಾದ ಒಬ್ಬ ಆಳುಮಗ! ಕಂಗೆನ್‌ನ ಕಲ್ಲು ಹೇಳುವ ಕಥೆಯೇ ಬೇರೆ. ಅದರಂತೆ ವೋರ್ಟಿಗರ್ನ್ ರೋಮನ್ನರ ದೊರೆಯನ್ನು ಕೊಂದ ಮ್ಯಾಕ್ಸಿಮಸ್‌ನ ಅಳಿಯ. ಅವನ ಮಗ ಬ್ರಿಟುವನ್ನು ಹರಸಿದವನು ಮತ್ತಾರೂ ಅಲ್ಲ, ಅದೇ ಜರ್ಮೇನಸ್. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ಇದು ನೆರೆಯ ಆಸ್ಥಾನದ ಪಂಡಿತರಿಗೆ ಕೊಟ್ಟ ಉತ್ತರವೆಂದೇ ನನಗೆ ತೋರುತ್ತದೆ. ಆಂಗ್ಲರು ಕಸಿದದ್ದು ನೆಲವನ್ನು. ಗ್ವಿನೆದ್‌ನವರು ಕೈಹಾಕಿದ್ದು ಕುಲದ ಮಾನಕ್ಕೆ. ಎರಡನೆಯದಕ್ಕೆ ಮಾರುತ್ತರ ಕೊಡುವ ಶಕ್ತಿಯಾದರೂ ಈ ಅರಸನಲ್ಲಿ ಉಳಿದಿತ್ತು.

ಉತ್ತರದಿಂದ ರಾಜ್ಯವೇನೂ ಉಳಿಯಲಿಲ್ಲ. ಕಂಗೆನ್ ರೋಮಿನಲ್ಲಿ ಕಣ್ಣುಮುಚ್ಚಿದ. ಅವನ ತರುವಾಯ ಪೊವಿಸ್ ಮೆರ್ವಿನ್‌ನ ಮಗನಾದ ರೋದ್ರಿಯ ಪಾಲಾಯಿತು. 878ರಲ್ಲಿ ಮಡಿದ ಆ ರೋದ್ರಿಯನ್ನು ಚರಿತ್ರೆ 'ಮಹಾ' ಎಂದು ಕರೆಯುತ್ತದೆ. ಈ ಎರಡು ಮನೆತನಗಳ ನಡುವೆ ಕೊಂಡಿಯಾಗಿ ಕಂಗೆನ್‌ನ ತಂಗಿ ನೆಸ್ಟ್ ಎಂಬವಳನ್ನು ವಂಶಾವಳಿಗಳು ಹೆಸರಿಸುತ್ತವೆ. ಇಲ್ಲಿ ಇನ್ನೊಂದು ಮಾತು. ಮರ್ಸಿಯಾದ ಬೆಂಬಲಕ್ಕೆ ನಿಂತಿದ್ದ ಎಥೆಲ್‌ವುಲ್ಫ್ ಕೂಡ 855ರಲ್ಲಿ ರೋಮಿಗೇ ಯಾತ್ರೆ ಹೊರಟ. ಸೋತವನಿಗೂ ಗೆದ್ದವನಿಗೂ ಹಾದಿ ಒಂದೇ ಆಯಿತು. ಎಥೆಲ್‌ವುಲ್ಫ್ ಹಿಂದಿರುಗಿ ಬಂದ, ಅಷ್ಟೇ.

ಇನ್ನು ಕಲ್ಲಿನ ಗತಿ. 1201ರಲ್ಲಿ ಅದರ ಸಮೀಪ ಕಟ್ಟಿದ ಮಠಕ್ಕೆ 'ಶಿಲುಬೆಯ ಕಣಿವೆ' ಎಂಬರ್ಥದ ವಾಲೆ ಕ್ರೂಸಿಸ್ ಎಂಬ ಹೆಸರು ಬಂದದ್ದು ಈ ಕಲ್ಲಿನಿಂದಲೇ. ಹದಿನೇಳನೆಯ ಶತಮಾನದ ಅಂತರ್ಯುದ್ಧದಲ್ಲಿ ಅದನ್ನು ಉರುಳಿಸಿದರೆಂದು ಪ್ರತೀತಿ. 1696ರಲ್ಲಿ ಎಡ್ವರ್ಡ್ ಲೂಯಿಡ್ ಎಂಬ ವಿದ್ವಾಂಸ, ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದ ಪಾಲಕ, ಮುರಿದು ಬಿದ್ದಿದ್ದ ಕಂಬದ ಮೇಲೆ ಕಂಡ 31 ಸಾಲುಗಳನ್ನು ನಕಲು ಮಾಡಿಕೊಂಡ. ಆಗಲೇ ಅಲ್ಲಲ್ಲಿ ಅಕ್ಷರಗಳು ಸವೆದುಹೋಗಿದ್ದವು. 1779ರಲ್ಲಿ ಟ್ರೆವರ್ ಲಾಯ್ಡ್ ಎಂಬ ಜಮೀನುದಾರ ಉಳಿದ ತುಂಡನ್ನು ದಿಬ್ಬದ ಮೇಲೆ ಮತ್ತೆ ನಿಲ್ಲಿಸಿ, ತಾನು ನಿಲ್ಲಿಸಿದ ಸಂಗತಿಯನ್ನೂ ಅದರ ಮೇಲೆ ಕೆತ್ತಿಸಿದ. ಆ ಜಾಗ್ರತೆ ದೊಡ್ಡ ಮನುಷ್ಯರಿಗೆ ಸಹಜವಷ್ಟೆ! ಕಾನ್ಮಾರ್ಕ್ ಬರೆದದ್ದನ್ನು ಇಂದು ಕಲ್ಲಿನ ಮೇಲೆ ಓದುವುದಕ್ಕೆ ಆಗುವುದಿಲ್ಲ. ಮೇಲೆ ನಾನು ಹೇಳಿದ್ದೆಲ್ಲಕ್ಕೂ ಲೂಯಿಡನ ಕಾಗದವೇ ಆಧಾರ. ಆ ನಕಲಿನಲ್ಲಿ ಮುತ್ತಾತನ ಹೆಸರಿನ ಕೊನೆಯ ಅಕ್ಷರ 'ದ' ಆಗಬೇಕಾದಲ್ಲಿ 'ಗ' ಆಗಿದೆ. ಕಲ್ಲಿಗೆ ನಿಂತಿರುವ ಹೆಸರೂ ಅದೇ, ಎಲಿಸೆಗ್‌ನ ಕಂಬ.